ಬೇರೆಯವರ ಪಾರ್ಸೆಲ್ಲುಗಳು

ಅಮ್ಮನ ಆರೈಕೆಗೆಂದು ಊರಿಗೆ ಹೋಗಿ, ನಾಲ್ಕು ತಿಂಗಳ ಮೇಲೆ ಅವಳ ಉತ್ತರಕ್ರಿಯೆ ಮುಗಿಸಿ ಮಸ್ಕತ್ತಿಗೆ ಮರಳಿದಾಗ ಅಲ್ ಮಬೇಲಾದ ನಮ್ಮ ಬೀದಿಯ ಗುರುತೇ ಸಿಗಲಿಲ್ಲ. ದರ್ಜಿ ಅಂಗಡಿಯಿದ್ದಲ್ಲಿ ಗಾಜಿನ ಕಾಫಿ ಶಾಪ್ ಎದ್ದಿತ್ತು. ಬದಲಾಗದೆ ಉಳಿದವರು ಇಲ್ಲಿರುವ ನಮ್ಮ ಊರಿನವರು ಮಾತ್ರ. ಅಮ್ಮ ಹೋದ ಸುದ್ದಿಗೆ ವಾಟ್ಸಾಪ್ ಗುಂಪಿನಲ್ಲಿ ಸಾಲಾಗಿ ಕೈಮುಗಿದವರೇ, ಅದರ ಕೆಳಗೇ ನಾನು ವಾಪಸಾಗುವ ದಿನ ಯಾವುದೆಂದು ಕೇಳಿದ್ದರು. ಮೀನು ಮುಟ್ಟದ ಸೂತಕದ ಮನೆಗೆ ಊರಿನಲ್ಲಿರುವ ಅವರ ಕಡೆಯವರು ನಾನು ಒಯ್ಯಲೆಂದು ಒಣಮೀನು, ಹಪ್ಪಳ, ಕುಚ್ಚಲಕ್ಕಿಯ ಕಟ್ಟುಗಳನ್ನು ತಂದಿಟ್ಟು ಹೋದರು. ಮಂಗಳೂರು ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತು. ಬೇರೆಯವರ ವಸ್ತು ಬಿಟ್ಟು ಬರುವುದುಂಟೇ? ಅಮ್ಮ ಕೊನೆಯದಾಗಿ ಹಾಕಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನೇ ಹೊರಗೆ ತೆಗೆದು ಬಿಟ್ಟುಬಂದೆ.

ನಾನು ಬಂದ ಸಂಜೆಯೇ ಕಟ್ಟು ಒಯ್ಯಲು ಒಬ್ಬೊಬ್ಬರಾಗಿ ಬಂದರು. ಯಾರೂ ಕೂರಲಿಲ್ಲ, ಕಾರನ್ನು ಸ್ಟಾರ್ಟಿನಲ್ಲೇ ಇಟ್ಟು ಬಂದಿದ್ದರು. ಕೊನೆಗೆ ಕೆಳಗಿನ ಫ್ಲ್ಯಾಟಿನವಳು ಬಂದು, ತನ್ನ ಕಟ್ಟನ್ನು ಅಲ್ಲೇ ಬಿಚ್ಚಿ, ಹಪ್ಪಳ ಮುರಿದಿದೆಯೆಂದು ಮುಖ ಸಿಂಡರಿಸಿದಳು. ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಕೈಮುಗಿದವಳು ಇವಳೇ. ಹೊರಡುವಾಗ ನನ್ನ ಖಾಲಿ ಸೂಟ್‌ಕೇಸಿನೊಳಗೆ ಇಣುಕಿ ಕೇಳಿದಳು:

"ಈ ಸಲ ನಿಮ್ಮ ಅಮ್ಮ ಎಂತದೂ ಕಳಿಸ್ಲಿಲ್ವಾ ಅಕ್ಕ?"