ಬೆಲ್ಲ ಕುಡಿದ ಕೋವಿ

ನನ್ನ ಗಂಡ ಕಬ್ಬಿನ ಗದ್ದೆಗೆ ನುಗ್ಗಿದ ಹಂದಿಗೆ ಗುಂಡು ಹೊಡೆದು, ಕೋವಿ ತೊಳೆಯದೆ ಮೂಲೆಗೆ ಒರಗಿಸಿ ಮಲಗಿಬಿಟ್ಟಿದ್ದ. ಹಂದಿಗೆ ಗುಂಡೂ ತಾಗಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಊರಿನಲ್ಲಿ ತಮಟೆ ಬಿತ್ತು. ಕೋವಿ ಇರುವವರೆಲ್ಲ ಹೊತ್ತು ಇಳಿಯುವುದರೊಳಗೆ ಪಟ್ಟಣದ ಕೋಟೆ ಬಾಗಿಲ ಮುಂದೆ ನಿಲ್ಲಬೇಕು. ನಳಿಗೆಯೊಳಗೆ ತುಕ್ಕು ಕಂಡರೆ ಕೋವಿಯೂ ಹೋಯಿತು, ಕೋವಿ ಚಾಕರಿಗೆಂದು ಸರ್ಕಾರ ಕೊಟ್ಟಿದ್ದ ಹೊಲವೂ ಹೋಯಿತು.

ಆ ಹೊಲ ಬಿಟ್ಟರೆ ನಮಗೆ ಬೇರೆ ಗತಿ ಇರಲಿಲ್ಲ. ಇದು ಸುಲ್ತಾನರ ಪಟ್ಟಣಕ್ಕೆ ಕೊನೆಯ ಮುತ್ತಿಗೆ ಬೀಳುವುದಕ್ಕೆ ಮುಂಚಿನ ಮಾತು. ಅರಕೆರೆ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಬಂದು ಒಂದು ಸುಗ್ಗಿ ಕಳೆದಿತ್ತು.

ನಳಿಗೆಗೆ ಬೆರಳು ಹಾಕಿ ನೋಡಿದೆ. ಮದ್ದಿನ ಮಸಿ ಬೆವೆತು ಅಂಟಾಗಿತ್ತು. ಬಾಯಂಚಿನಲ್ಲಿ ಆಗಲೇ ಕೆಂಪು.

"ಅರಳೆಣ್ಣೆ ಸವ್ರಿಬುಡು, ಮಿಂಚ್ತದೆ" ಎಂದ ಗಂಡ.

"ಕೊಳೆ ಮ್ಯಾಲೆ ಎಣ್ಣೆ ಸವ್ರುದ್ರೆ ಒಳಗೊಳಗೇ ತಿಂತದೆ. ಕುದಿಯೋ ನೀರು ಬೇಕು. ನಡೀರಿ ಆಲೆಮನೆಗೆ!"

ನನ್ನ ತವರು ದೇವಲಾಪುರದ ಕಡೆ. ಪಕ್ಕದ್ದೇ ಆಚಾರಿಯ ಕುಲುಮೆ. ಕೋವಿ ತೊಳೆಯುವುದನ್ನು ನೋಡಿಕೊಂಡೇ ಬೆಳೆದವಳು ನಾನು. ತಣ್ಣೀರು ಹೊಯ್ದರೆ ತೇವ ಒಳಗೇ ಕೂರುತ್ತದೆ. ಕುದಿನೀರು ಹೊಯ್ದರೆ ನಳಿಗೆ ಕಾದು ತಾನೇ ಒಣಗುತ್ತದೆ. ಆ ಬಿಸಿ ಆರುವ ಮುಂಚೆ ಎಣ್ಣೆ ಕುಡಿಸಬೇಕು. ಇಷ್ಟೇ ವಿದ್ಯೆ.

ಮನೆಯ ಒಲೆ ಹೊತ್ತಿಸುತ್ತ ಕೂರುವ ಹೊತ್ತಲ್ಲ ಅದು. ಸುಗ್ಗಿಯಲ್ಲಿ ಆಲೆಮನೆಯ ಬೆಂಕಿ ಆರುವುದೇ ಇಲ್ಲ. ನಾನು ಸೀರೆ ಎತ್ತಿ ಕಟ್ಟಿ ಮುಂದೆ, ಅವನು ಕೋವಿ ಹೊತ್ತು ಹಿಂದೆ, ಇಬ್ಬರೂ ಓಡಿದೆವು. ಅಲ್ಲಿ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು, ಪಕ್ಕದ ಹಂಡೆಯಲ್ಲಿ ನೀರು. ಹಬೆಯಲ್ಲಿ ಯಾವುದು ಯಾವುದೆಂದು ಕಾಣುತ್ತಿರಲಿಲ್ಲ. ನಾನು ಬಟ್ಟೆ ಹರಿಯುತ್ತ ಕೂತೆ. ಅವನು ಸೌಟು ಅದ್ದಿ ನಳಿಗೆಗೆ ಹೊಯ್ದೇಬಿಟ್ಟ.

ಘಮ್ಮೆಂದಿತು.

"ಅಯ್ಯೋ, ಏನ್ ಉಯ್ದ್ರಿ?"

"ನೀರು ಕಣಮ್ಮಿ."

ಆಲೆಮನೆಯ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀರಲ್ಲ ಕಣ್ಲಾ, ಪಾಕ! ಇನ್ಮೇಕೆ ಅಂದಿಗೆ ಗುಂಡು ಒಡಿಬ್ಯಾಡ, ಕರ್ದು ಕಜ್ಜಾಯ ಕೊಡು!"

"ನಗ್ಬ್ಯಾಡ ತಾತ, ನನ್ ವಲ ಓಯ್ತದೆ!" ಎಂದ ಗಂಡ.

"ಓದ್ರೆ ಓಗ್ಲಿ ಬುಡ್ಲಾ, ಮಿಠಾಯಿ ಅಂಗ್ಡಿ ಇಡು."

ನನಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದವು. ಆದರೆ ಪಾಕ ಆರಿದರೆ ಕೋವಿಯ ಕಿವಿ, ಅಂದರೆ ಬೆಂಕಿ ಒಳಹೋಗುವ ಸಣ್ಣ ತೂತು, ಕಟ್ಟಿಹೋಗುತ್ತದೆ. ಕೋವಿ ಕಸಿದುಕೊಂಡೆ. ಹಂಡೆಯ ನೀರು ಹೊಯ್ದೆ, ಬೋರಲು ಹಾಕಿದೆ, ಮತ್ತೆ ಹೊಯ್ದೆ. ಕಿವಿಯಿಂದ ಕಪ್ಪು ನೀರು ಚಿರ್ರನೆ ಚಿಮ್ಮಿ ಗಂಡನ ರುಮಾಲಿಗೆ ಬಿತ್ತು. ಬೀಳಲಿ ಅಂದುಕೊಂಡೆ. ಮದ್ದು ಜಡಿಯುವ ಕಡ್ಡಿಗೆ ಬಟ್ಟೆ ಸುತ್ತಿ ಅವನು ತಿಕ್ಕಿದ, ನಾನು ಹೊಯ್ದೆ. ಬಾಯಂಚಿನ ಕೆಂಪನ್ನು ಒಲೆಬೂದಿಯಲ್ಲಿ ಉಜ್ಜಿದೆ. ಅಂತೂ ತಿಳಿನೀರು ಬಂತು. ಕೈಯಿಡಲಾಗದಷ್ಟು ಕಾದ ನಳಿಗೆಗೆ ಹರಳೆಣ್ಣೆಯ ಬಟ್ಟೆ ಇಳಿಸಿದೆವು. ಕಬ್ಬಿಣ ಕರ್ರಗೆ ಹೊಳೆಯಿತು. ಮುದುಕನೂ ನಗು ನಿಲ್ಲಿಸಿ ಇಣುಕಿದ.

ಬೆಣ್ಣೆ ಮಾರುವ ನೆವ ಮಾಡಿಕೊಂಡು ನಾನೂ ಹೊರಟೆ. ಹೊಳೆ ದಾಟುವಾಗ ಅವನು ಕೋವಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ನನ್ನ ಕೈ ಹಿಡಿಯಲಿಲ್ಲ.

ಕೋಟೆ ಬಾಗಿಲಲ್ಲಿ ಜಮಾದಾರ ಒಂದೊಂದೇ ನಳಿಗೆಗೆ ಬಿಳಿ ಬಟ್ಟೆ ತೂರಿಸಿ ಎಳೆಯುತ್ತಿದ್ದ. ನಮ್ಮ ಮುಂದಿನವನ ಬಟ್ಟೆ ಇಟ್ಟಿಗೆಪುಡಿಯಂತೆ ಬಂತು. ಕೋವಿ ಅಲ್ಲೇ ಕಿತ್ತುಕೊಂಡರು. ಆಮೇಲೆ ನಮ್ಮದು. ನಾನು ಬೆಣ್ಣೆ ಗಡಿಗೆ ಕೆಳಗಿಟ್ಟು ತುದಿಗಾಲಲ್ಲಿ ನಿಂತೆ. ಬಟ್ಟೆ ಈಚೆ ಬಂತು. ಎಣ್ಣೆ ಬಿಟ್ಟರೆ ಏನೂ ಇಲ್ಲ!

ಅಷ್ಟರಲ್ಲಿ ಜಮಾದಾರ ಕೈ ಕೊಡವಿದ. ನಳಿಗೆ ಕೂರುವ ಮರದ ಸಂದಿಯಿಂದ ಇರುವೆ ಸಾಲು ಹೊರಟಿತ್ತು.

"ಕ್ಯಾ ರೇ, ಕೋವಿಲಿ ಇರುವೆ?"

ಗಂಡ ರುಮಾಲು ಬಿಚ್ಚಿ ಇರುವೆ ಒರೆಸಹೋದ. ನಾನೇ ಕೂಗಿದೆ: "ಸ್ವಾಮೀ, ಅದು ಬೆಲ್ಲ ಕುಡ್ದದೆ! ತುಕ್ಕು ಇಡ್ದಿಲ್ಲ, ಇನ್ನೊಂದ್ ದಪ ನೋಡಿ!"

ಜಮಾದಾರ ಕೋವಿಯ ಮರ ಮೂಸಿದ. ಮೀಸೆ ಅಲುಗುವಂತೆ ನಕ್ಕ. "ತುಕ್ಕು ನೋಡು ಅಂತ ಹುಕುಂ ಅದೆ, ಇರುವೆ ನೋಡು ಅಂತ ಇಲ್ಲ. ಚಲ್, ಚಲ್!"

ಹೊಲ ಉಳಿಯಿತು. ಬೆಣ್ಣೆಯನ್ನು ಅಲ್ಲೇ ಮರೆತು ಬಂದಿದ್ದೆ. ಅಂದಿನಿಂದ ಗಂಡ ಗುಂಡು ಹೊಡೆದು ಬಂದ ದಿನ ಮೊದಲು ನಳಿಗೆಗೆ ಬೆರಳು ಹಾಕುತ್ತಿದ್ದೆ. ಬೆರಳು ಕಪ್ಪಾದರೆ ಅವನಿಗೆ ಮುದ್ದೆ ಇಲ್ಲ.