ಕರಡಿಯ ಹಿಡಿತದಲ್ಲಿ ಮಾರ್ಲಿಸ್

ನನ್ನ ಅಕ್ಕ ಮಾರ್ಲಿಸ್ ಶಾಲೆಯ ಬಸ್ ಓಡಿಸುತ್ತಾಳೆ. ವಿಸ್ಕಾನ್ಸಿನ್ನಿನ ನಮ್ಮ ಕಡೆ ಜನವರಿಯ ರಸ್ತೆಗೆ ಮಂಜು ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಅದರ ಮೇಲೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಹೋಗುವವಳು ಯಾವುದಕ್ಕೂ ಹೆದರುವವಳಲ್ಲ ಎಂದೇ ನಾವೆಲ್ಲ ನಂಬಿದ್ದೆವು. ಅವಳ ಗಂಡ ಗಾರ್ತ್ ವೆಲ್ಡಿಂಗ್ ಕೆಲಸದವನು, ಊರನ್ನೇ ನಗಿಸುವ ಮನುಷ್ಯ. ಅಂಥ ಭಾವ ಸಿಕ್ಕಿದ್ದು ಪುಣ್ಯ ಎಂದು ನಾನೇ ಹೇಳಿಕೊಂಡು ತಿರುಗಿದ್ದೇನೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಭಾನುವಾರ ಮಧ್ಯಾಹ್ನ ವೆಂಡೆಲ್‌ನ ನೆಲಮಾಳಿಗೆಯಲ್ಲಿ ನಮ್ಮ ಆಟ. ವೆಂಡೆಲ್ ಕಥೆ ಹೇಳುತ್ತಾನೆ, ನಾವು ಒಬ್ಬೊಬ್ಬರೂ ಹಾಳೆಯ ಮೇಲೆ ಬರೆದುಕೊಂಡ ಒಬ್ಬೊಬ್ಬ ವೀರನಾಗಿ ಆಡುತ್ತೇವೆ, ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ಆ ಮೇಜಿನಲ್ಲಿ ಸತ್ತವರು ಸತ್ತರು, ಅಷ್ಟೇ. ಹಾಳೆಯನ್ನು ಅವರವರೇ ಹರಿದು ಹಾಕಬೇಕು. ಮಾರ್ಲಿಸ್ ಆಡುವ ಕತ್ತಿವೀರೆ ಇಂಗ್ರಿತ್ ಆ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಬದುಕಿದ್ದಳು. ಅಳಿಸಿ ಬರೆದು, ಅಳಿಸಿ ಬರೆದು ಆ ಹಾಳೆ ಬಟ್ಟೆಯಷ್ಟು ಮೆತ್ತಗಾಗಿತ್ತು.

ಸತ್ತ ಪ್ರಾಣಿಗಳ ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸುವುದು ವೆಂಡೆಲ್‌ನ ಕಸುಬು. ಹಾಗಾಗಿ ಅವನ ಕಥೆಯ ಪ್ರಾಣಿಗಳು ರಾಕ್ಷಸರ ಹಾಗೆ ಕಾದಾಡುವುದಿಲ್ಲ. ಯಾವ ಪ್ರಾಣಿ ಯಾತಕ್ಕೆ ಹಿಡಿಯುತ್ತದೆ, ಏನಾದರೆ ಬಿಡುತ್ತದೆ ಎಂದು ಮೊದಲೇ ಒಂದು ಚೀಟಿಯಲ್ಲಿ ಬರೆದು ಮಗುಚಿ ಇಟ್ಟಿರುತ್ತಾನೆ.

ಒಂದು ಭಾನುವಾರದ ಆಟದಲ್ಲಿ ಗುಹೆಯ ಬಾಯಲ್ಲಿ ಕರಡಿ ಸಿಕ್ಕಿತು, ಜೊತೆಗೆ ಎರಡು ಮರಿ. ಪಂಜದ ಏಟು ಇಂಗ್ರಿತ್‌ಗೆ ತಗುಲಿತು. ಏಟು ತಗುಲಿದರೆ ಕರಡಿ ಅಷ್ಟಕ್ಕೆ ನಿಲ್ಲುವುದಿಲ್ಲ, ತಬ್ಬಿ ಹಿಡಿಯುತ್ತದೆ. ಇಬ್ಬರೂ ದಾಳ ಎಸೆಯಬೇಕು. ಮೈ ದೊಡ್ಡದಿದ್ದವರಿಗೆ ಅಂಕ ಹೆಚ್ಚು. ಕರಡಿ ಗೆದ್ದಿತು. ಹಿಡಿತದೊಳಗೆ ಉದ್ದ ಕತ್ತಿ ಬೀಸಲು ಜಾಗವಿಲ್ಲ. ಪ್ರತಿ ಸರದಿಗೂ ಕೊಸರಿಕೊಳ್ಳಲು ನೋಡಬೇಕು, ಸೋತರೆ ಅದು ಇನ್ನಷ್ಟು ಅಮುಕುತ್ತದೆ. ಮಾರ್ಲಿಸ್ ಮೂರು ಸಲ ಕೊಸರಿದಳು, ಮೂರು ಸಲವೂ ಸೋತಳು. ಮೂವತ್ತೆಂಟಿದ್ದ ಇಂಗ್ರಿತ್‌ಳ ಜೀವದ ಅಂಕ ಆರಕ್ಕೆ ಇಳಿಯಿತು. ಇನ್ನೊಮ್ಮೆ ಅಮುಕಿದರೆ ಮುಗಿಯಿತು.

ಬಿಲ್ಲು ನನ್ನ ಕೈಯಲ್ಲಿತ್ತು. ಆದರೆ ತಬ್ಬಿಕೊಂಡವರ ಮೇಲೆ ಬಾಣ ಬಿಟ್ಟರೆ ಅದು ಯಾರಿಗೆ ನಾಟುತ್ತದೆ ಎಂಬುದಕ್ಕೂ ದಾಳವೇ. ದಾಳ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಬರಿ ಆಟಕ್ಕೆ ಇಷ್ಟು ಹೆದರಿದ್ದಕ್ಕೆ ನಾಚಿಕೆಯೂ ಆಗಿತ್ತು. ಅಕ್ಕನ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ನೆಲ್ಸ್, ಬಾಣ ಬಿಡಬೇಡ ಕಣೋ," ಅಂದಳು. "ವೆಂಡೆಲ್, ನಾನು ಕೊಸರಾಡಲ್ಲ. ಮೈ ಸಡಿಲ ಬಿಟ್ಟು ಬಿದ್ಕೋತೀನಿ."

ವೆಂಡೆಲ್ ಇಪ್ಪತ್ತು ವರ್ಷದಿಂದ ಈ ಆಟ ನಡೆಸುತ್ತಿದ್ದಾನೆ. ಸಿಕ್ಕಿಬಿದ್ದವರೆಲ್ಲ ಕೊಸರಾಡಿದ್ದನ್ನೇ ಕಂಡಿದ್ದಾನೆ. ತಮಾಷೆಗೆ ಕೇಳಿದ, "ಬಸ್ಸಲ್ಲಿ ಮಲ್ಕೊಂಡು ರೂಢಿನಾ?"

"ಒದ್ದಾಡಿದಷ್ಟೂ ಜಾಸ್ತಿ ಹಿಡಿಯುತ್ತೆ. ಉಸಿರು ಕೂಡ ಕೇಳಿಸಬಾರದು. ಗೋಡೆ ಮೇಲೆ ಎಲ್ಲಾದ್ರೂ ಒಂದು ಕಡೆ ನೋಡ್ತಾ ಇರ್ಬೇಕು. ಆಮೇಲೆ ಅದಕ್ಕೇ ಬೇಜಾರಾಗಿ ಬಿಟ್ಟು ಹೋಗುತ್ತೆ."

ಗುಹೆಯಲ್ಲಿ ಗೋಡೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ವೆಂಡೆಲ್ ಚೀಟಿ ತಿರುಗಿಸಿದ. 'ಮರಿಗಳಿಗೆ ಅಪಾಯವಿಲ್ಲ ಅನ್ನಿಸುವವರೆಗೆ ಬಿಡುವುದಿಲ್ಲ. ಎದುರಿನವರು ಅಲ್ಲಾಡದಿದ್ದರೆ ಬಿಟ್ಟು ಹೋಗುತ್ತದೆ.' ಇಂಗ್ರಿತ್ ಬದುಕಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೋದ ಬೇಸಿಗೆಯ ಸೆಕೆಯಲ್ಲೂ ಅಕ್ಕ ತೊಟ್ಟಿದ್ದ ತುಂಬುತೋಳಿನ ಅಂಗಿ, ಮೊನ್ನೆ ಈಸ್ಟರ್ ಊಟಕ್ಕೆ ಬರದೆ ತಪ್ಪಿಸಿಕೊಂಡದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವಳ ಮನೆ ನನ್ನ ಮನೆಯಿಂದ ಎರಡೇ ಮೈಲಿ, ಆದರೂ ನಾನು ಏನೂ ಕೇಳಿದವನಲ್ಲ.

ಐದಕ್ಕೆ ಮಾರ್ಲಿಸ್ ಹಾಳೆ ಮಡಚಿ ಎದ್ದಳು. ಗಾರ್ತ್ ಊಟಕ್ಕೆ ಕಾಯುತ್ತಿರುತ್ತಾನೆ ಎಂದಳು. ಹೋಗಬೇಡ ಎನ್ನಬೇಕಿತ್ತು. ಮೆಟ್ಟಿಲ ಬಳಿ ಹಿಂದಿನಿಂದ ಹೋಗಿ ಅವಳ ತೋಳು ಹಿಡಿದೆ, ಸ್ವಲ್ಪ ಬಿಗಿಯಾಗಿಯೇ.

ಅವಳು ಕೊಸರಲಿಲ್ಲ. ತಿರುಗಿಯೂ ನೋಡಲಿಲ್ಲ. ತೋಳು ನನ್ನ ಕೈಯಲ್ಲಿ ಸಡಿಲವಾಗಿ ಜೋತುಬಿತ್ತು, ಕಣ್ಣು ಗೋಡೆಯ ಮೇಲೆ ಎಲ್ಲೋ ನಿಂತಿತು.