ಒಂದು ಬಿಲ್ಲಿಗೆ ಒಂದೇ ಬಾಟ್ಲಿ

ಕಳೆದ ವರ್ಷ ತೆಂಗಿನೆಣ್ಣೆಯ ಬೆಲೆ ಏರುತ್ತಾ ಏರುತ್ತಾ ಹೋಗಿ, ನಮ್ಮ ಕಡೆಯ ಹೆಂಗಸರು ಒಗ್ಗರಣೆಗೂ ಚಮಚದಲ್ಲಿ ಅಳೆದು ಎಣ್ಣೆ ಹಾಕುವ ಹಾಗಾಗಿದ್ದ ಸಮಯ. ಜಡಿಮಳೆಯ ಆಟಿ ತಿಂಗಳು ಕಳೆದು ಹಬ್ಬಗಳ ಸೋಣ ತಿಂಗಳು ಹಿಡಿದಿತ್ತು, ಮಳೆ ಮಾತ್ರ ಇನ್ನೂ ಆಟಿಯದ್ದೇ. ಆಗ ಮೂಡುಬಿದಿರೆಯ ಒಂದು ಸೂಪರ್ ಮಾರ್ಕೆಟಿನಲ್ಲಿ, ಬಿಲ್ ಮಾಡಿಸಲು ನಿಂತ ಸಾಲಿನಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಮಿಜಾರಿನಲ್ಲಿ. ಇವರು ಶಾಲೆಯ ವ್ಯಾನ್ ಓಡಿಸುತ್ತಾರೆ. ವಾರದ ಸಾಮಾನಿಗೆ ಇಷ್ಟು ಎಂದು ತೆಗೆದಿಟ್ಟ ಹಣದಲ್ಲೇ ವಾರ ದಾಟಿಸುವುದು ನನ್ನ ಪಾಲಿನ ಕೆಲಸ. ಕುಚ್ಚಲಕ್ಕಿಗೆ ಬೆಳುವಾಯಿ ಕಡೆಯ ಮಿಲ್ಲು, ತರಕಾರಿಗೆ ಸಂತೆ, ಸಕ್ಕರೆ, ಬೇಳೆ, ಚಾಹುಡಿ, ಸಾಬೂನಿಗೆ ಕಡಿಮೆ ದರದ ಈ ಅಂಗಡಿ. ಅಲ್ಲಿಗೆ ಹೋಗುವ ಮೊದಲು ಹೊಟ್ಟೆ ತುಂಬ ಗಂಜಿ ಉಂಡು ಹೋಗುತ್ತೇನೆ. ಹಸಿದುಕೊಂಡು ಹೋದರೆ ಬೇಡದ್ದೆಲ್ಲ ಬೇಕೆನಿಸುತ್ತದೆ. ಕಣ್ಣಿನ ಎತ್ತರದಲ್ಲಿ ಚೆಂದಕ್ಕೆ ಜೋಡಿಸಿದ್ದನ್ನು ಬಿಟ್ಟು ಬಗ್ಗಿ ಕೆಳಗಿನ ಸಾಲು ನೋಡುತ್ತೇನೆ, ಅಗ್ಗದ್ದು ಅಲ್ಲಿರುತ್ತದೆ. ಎರಡು ಕೊಂಡರೆ ಒಂದು ಉಚಿತ ಎಂದು ಬರೆದಲ್ಲಿ ನಿಂತು, ಆ ಮೂರನ್ನೂ ನಾವು ತಿಂದು ಮುಗಿಸುತ್ತೇವಾ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಚೀಲ ಮನೆಯಿಂದಲೇ. ನಾನು ಹೀಗೆ ಉಳಿಸಿದ್ದನ್ನೆಲ್ಲ ಒಟ್ಟು ಮಾಡಿದ್ದರೆ ಇಷ್ಟರಲ್ಲಿ ನಮ್ಮದೇ ಒಂದು ಬಸ್ಸು ಆಗಬೇಕಿತ್ತು, ಎಲ್ಲಿ ಬಚ್ಚಿಟ್ಟಿದ್ದೀ ಎಂದು ಇವರು ತಮಾಷೆ ಮಾಡುವುದುಂಟು.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಜೋಡಿ ಬಾಡಿಗೆಗಿತ್ತು. ಮಲ್ಲೇಶ ಮತ್ತು ರೇಣುಕಾ, ಕೊಪ್ಪಳದ ಕಡೆಯವರು. ಅವನಿಗೆ ಇಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ. ರೇಣುಕಾ ಬಸುರಿಯಾದಾಗ ಊರಿಗೆ ಹೋಗುವುದಿಲ್ಲವಾ ಎಂದು ಕೇಳಿದೆ. ತಾಯಿ ತೀರಿಕೊಂಡು ಬಹಳ ವರ್ಷವಾಯಿತು, ಅತ್ತೆಗೆ ಲಕ್ವ ಹೊಡೆದು ಮಲಗಿದಲ್ಲೇ ಎಂದಳು. ಹೇಳುವಾಗ ಅಳಲಿಲ್ಲ, ಮಡಚುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. ನನಗೆ ತಡೆಯಲಾಗಲಿಲ್ಲ. ನಿನ್ನ ಬಾಣಂತನ ನಾನು ಮಾಡ್ತೇನೆ ಎಂದುಬಿಟ್ಟೆ. ಎಷ್ಟು ಖರ್ಚು ಬರುತ್ತದೆ ಎಂದು ಮಲ್ಲೇಶ ಸಂಕೋಚದಿಂದ ಕೇಳಿದಾಗ, ಎಣ್ಣೆಯದ್ದೇ ದೊಡ್ಡ ಖರ್ಚು, ಅದು ನಮ್ಮಲ್ಲೇ ಉಂಟು, ನೀನು ಬೆಳ್ಳುಳ್ಳಿ, ಬೆಲ್ಲ, ಕರಿಮೆಣಸು ತಂದರೆ ಸಾಕು ಎಂದೆ.

ನಮ್ಮಲ್ಲಿ ಎಣ್ಣೆ ಇಲ್ಲದೆ ಬಾಣಂತನ ಇಲ್ಲ. ತಾಯಿಗೂ ಮಗುವಿಗೂ ದಿನಾ ಮೈಗೆ ತೆಂಗಿನೆಣ್ಣೆ ತಿಕ್ಕಿ ಬಿಸಿನೀರು ಮೀಯಿಸಬೇಕು. ಅಡುಗೆಗೂ ಅದೇ. ಅದಕ್ಕೆಂದೇ ನಮ್ಮ ಮರಗಳ ಕಾಯಿ ಒಡೆದು ಕೊಬ್ಬರಿ ಮಾಡಿ, ನನ್ನ ಅತ್ತೆ ಇಡುತ್ತಿದ್ದಲ್ಲೇ, ಅಡುಗೆಮನೆಯ ಅಟ್ಟದ ಮೇಲೆ ಹರಡಿದ್ದೆ. ಮಳೆಗಾಲ ಪೂರ್ತಿ ಅಲ್ಲಿಟ್ಟರೂ ಅತ್ತೆಯ ಕೊಬ್ಬರಿಗೆ ಏನೂ ಆಗುತ್ತಿರಲಿಲ್ಲ. ರೇಣುಕಾಳ ಹೆರಿಗೆ ಹತ್ತಿರ ಬಂದಾಗ ಎಣ್ಣೆ ಮಾಡಿಸುವ ಎಂದು ಏಣಿ ಇಟ್ಟು ಹತ್ತಿದೆ. ಕೊಬ್ಬರಿಯ ಮೇಲೆಲ್ಲ ಹಸಿರು ಬೂಸ್ಟು, ಅಡಿಯದ್ದು ಕೈ ಹಾಕಿದರೆ ಜಾರುತ್ತಿತ್ತು. ಇವರು ಕೆಳಗಿನಿಂದ ಏಣಿ ಹಿಡಿದುಕೊಂಡೇ, ಅಮ್ಮನ ಕಾಲದಲ್ಲಿ ಆ ಅಟ್ಟದ ಕೆಳಗೆ ಸೌದೆ ಒಲೆ ಉರಿಯುತ್ತಿತ್ತಲ್ಲ ಮಾರಾಯ್ತಿ, ಈಗ ಇರುವುದು ಗ್ಯಾಸು ಎಂದರು. ಹೊಗೆ ಹೋದದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೊಬ್ಬರಿ ಕೆಡದೆ ಉಳಿಯುವುದಕ್ಕೂ ಹೊಗೆಗೂ ಇದ್ದ ಸಂಬಂಧ ತಲೆಗೆ ಹೊಳೆದೇ ಇರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ರೇಣುಕಾ ಗಂಡುಮಗು ಹೆತ್ತಳು. ನಾಳೆ ಆಸ್ಪತ್ರೆಯಿಂದ ಬಿಡುತ್ತಾರೆ ಎಂದು ಮಲ್ಲೇಶ ಬಂದು ಹೇಳಿದ. ಎಣ್ಣೆಯ ಗತಿ ಏನಾಗಿದೆ ಎಂದು ಅವನಿಗೆ ನಾನು ಹೇಳಿರಲಿಲ್ಲ. ಹೇಳಿದರೆ ಅವನು ಸಾಲ ಮಾಡಿಯಾದರೂ ತರುತ್ತಾನೆ, ರೇಣುಕಾ ಒಂದೊಂದು ಹನಿ ಹಚ್ಚಿಸಿಕೊಳ್ಳುವಾಗಲೂ ಮುದುಡುತ್ತಾಳೆ. ಗಾಣದ ಎಣ್ಣೆಯ ಬೆಲೆ ವಿಚಾರಿಸಿದೆ. ಐದು ಲೀಟರ್ ತಂದರೆ ನಮ್ಮ ಎರಡು ವಾರದ ಸಾಮಾನು ಅದರಲ್ಲೇ ಹೋಗುತ್ತಿತ್ತು. ಅಷ್ಟರಲ್ಲಿ ಮೂಡುಬಿದಿರೆಯ ಆ ಅಂಗಡಿಯಲ್ಲಿ ತೆಂಗಿನೆಣ್ಣೆಗೆ ಭಾರೀ ರಿಯಾಯಿತಿ ಉಂಟು, ಇವತ್ತೇ ಕೊನೆಯ ದಿನ ಎಂಬ ಸುದ್ದಿ ಬಂತು. ಮಧ್ಯಾಹ್ನದ ಬಸ್ಸಿಗೇ ಹೊರಟೆ.

ಒಳಗೆ ಎಣ್ಣೆಯ ಮೇಲೆ ಹಳದಿ ಕಾಗದದಲ್ಲಿ ದೊಡ್ಡದಾಗಿ ದರ ಬರೆದಿದ್ದರು. ಅದನ್ನು ನೋಡಿದ್ದೇ ನನ್ನ ಎದೆ ಹಗುರಾಯಿತು. ಲೀಟರಿನ ಐದು ಬಾಟ್ಲಿ ತೆಗೆದು ಬುಟ್ಟಿಗೆ ಹಾಕಿದೆ. ಬೇರೆ ದಿನವಾದರೆ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಎಂದು ಕನ್ನಡಕ ಹಾಕಿ ಓದುವವಳು, ಅವತ್ತು ಓದಲಿಲ್ಲ.

ಬಿಲ್ ಮಾಡುವ ಹುಡುಗಿ ಒಂದೊಂದೇ ಬಾಟ್ಲಿಯನ್ನು ಯಂತ್ರಕ್ಕೆ ತೋರಿಸಿದಳು. ಮೊದಲನೆಯದಕ್ಕೆ ಕಡಿಮೆ ದರ, ಉಳಿದ ನಾಲ್ಕಕ್ಕೂ ಪೂರ್ತಿ ದರ ಬಿತ್ತು. ಕೇಳಿದಾಗ, ಆಫರ್ ಒಂದು ಬಿಲ್ಲಿಗೆ ಒಂದೇ ಬಾಟ್ಲಿ ಆಂಟಿ, ಅಲ್ಲಿ ಬರೆದದ್ದುಂಟು ಎಂದಳು. ಬೇರೆ ಬೇರೆ ಬಿಲ್ ಮಾಡಬಹುದಾ ಎಂದೆ. ಒಂದು ಫೋನ್ ನಂಬರಿಗೆ ಒಂದೇ ಅಂತೆ. ಹಾಗಾದರೆ ನಾಲ್ಕು ತೆಗೆದುಬಿಡಿ ಎಂದೆ. ಅದನ್ನು ತೆಗೆಯಲು ಸೂಪರ್ವೈಸರ್ ಬರಬೇಕು, ಅವರು ಗೋಡೌನಿನಲ್ಲಿದ್ದಾರೆ. ಹಬ್ಬದ ಸಮಯ, ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಎಲ್ಲರ ಕಣ್ಣು ನನ್ನ ಐದು ಬಾಟ್ಲಿಯ ಮೇಲೆ.

ಹಿಂದೆ ನಿಂತಿದ್ದ ಗಂಡಸೊಬ್ಬರು ಯಾರಿಗೂ ಅಲ್ಲ ಎಂಬ ಹಾಗೆ, ಹೋಟೆಲಿನವರಿರಬೇಕು, ಇವರು ಹೀಗೆ ಬಾಚಿಕೊಂಡು ಹೋದರೆ ನಮ್ಮಂಥವರಿಗೆಲ್ಲಿ ಸಿಗುತ್ತದೆ ಎಂದರು. ಹೋಟೆಲಿಗಲ್ಲ, ಬಾಣಂತಿಗೆ ಎಂದೆ, ಆದರೆ ಸ್ವರ ಹೊರಗೆ ಬಂತೋ ಇಲ್ಲವೋ. ಅವರು ನಕ್ಕು, ಹೋದ ವಾರ ಸಕ್ಕರೆ ಹೊತ್ತುಕೊಂಡು ಹೋದವರೂ ಮದುವೆಗೆ ಎಂದೇ ಹೇಳಿದ್ದು ಎಂದರು.

ಆ ಗಂಡಸಿನ ಹಿಂದೆ ಒಬ್ಬರು ಹೆಂಗಸು ನಿಂತಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನೂಲಿನ ಸೀರೆ, ಕಂಕುಳಲ್ಲಿ ಒದ್ದೆ ಕೊಡೆ. ಅವರು ಸಾಲು ಬಿಟ್ಟು ಮುಂದೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಾತೆಲ್ಲ ತುಳುವಿನಲ್ಲೇ ನಡೆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಾಣಂತಿಗೆ ಎಂದಿರಲ್ಲ, ಮೀಯುವ ನೀರಿಗೆ ಏನು ಹಾಕ್ತೀರಿ?"

"ನೆಕ್ಕಿ ಸೊಪ್ಪು. ಸಿಕ್ಕಿದರೆ ಹುಣಸೆ ಎಲೆ."

"ಎಣ್ಣೆ ಬಾಟ್ಲಿಯಿಂದ ಹಾಗೆಯೇ ಹೊಯ್ಯುವುದಾ?"

"ಹಾಗೆ ಹೊಯ್ದರೆ ಆಗ್ತದಾ? ಅರಸಿನ, ಬೆಳ್ಳುಳ್ಳಿ ಹಾಕಿ ಕಾಯಿಸಬೇಕು."

"ಮಗುವಿಗೂ ಅದನ್ನೇ?"

"ಛೆ, ಮಗುವಿನ ಮೈ ಉರಿಯುವುದಿಲ್ಲವಾ? ಮಗುವಿಗೆ ಬೆಳ್ಳುಳ್ಳಿ ಹಾಕದ್ದು, ಬೇರೆಯೇ ಇಡ್ತೇನೆ."

ಅವರು ಆ ಗಂಡಸಿನ ಕಡೆ ತಿರುಗಿದರು. "ಕೇಳಿದಿರಾ? ಹೋಟೆಲಿನವರು ದೋಸೆಗೆ ನೆಕ್ಕಿ ಸೊಪ್ಪು ಹಾಕುವುದಿಲ್ಲ."

ಸಾಲಿನಲ್ಲಿ ಎಲ್ಲರೂ ನಕ್ಕರು. ಆ ಗಂಡಸೂ ತಲೆ ತಗ್ಗಿಸಿ ನಕ್ಕರು. ಅಲ್ಲಿಗೆ ನನ್ನ ಮಾನ ಉಳಿಯಿತು, ಎಣ್ಣೆ ಮಾತ್ರ ಒಂದೇ ಬಾಟ್ಲಿ. ಸೂಪರ್ವೈಸರ್ ಬಂದು ಉಳಿದ ನಾಲ್ಕನ್ನೂ ಬಿಲ್ಲಿನಿಂದ ತೆಗೆದು ಪಕ್ಕಕ್ಕಿಟ್ಟರು. ಇದ್ದ ಒಂದನ್ನು ಎಷ್ಟು ದಿನ ಎಳೆಯಬಹುದು, ತಾಯಿಗೆ ಬಿಟ್ಟು ಮಗುವಿಗೆ ಮಾತ್ರ ಹಚ್ಚಿದರೆ ಹೇಗೆ ಎಂದು ಅಲ್ಲೇ ಯೋಚಿಸುತ್ತಿದ್ದೆ.

ಕೊಡೆಯ ಹೆಂಗಸು ಮಗಳ ಬಾಣಂತನವಾ, ಸೊಸೆಯದ್ದಾ ಎಂದು ಕೇಳಿದರು. ಮಗಳದ್ದು ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬರಲಿಲ್ಲ. ಎರಡೂ ಅಲ್ಲ, ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ, ಘಟ್ಟದ ಮೇಲಿನವಳು, ತಾಯಿ ಇಲ್ಲ, ನಾಳೆ ಆಸ್ಪತ್ರೆಯಿಂದ ಬರುತ್ತಾಳೆ ಎಂದೆ. ಸಂಬಂಧವೇ ಇಲ್ಲದವಳಿಗಾಗಿ ಇಷ್ಟು ಹೊತ್ತು ನಮ್ಮನ್ನು ನಿಲ್ಲಿಸಿದೆಯಾ ಎಂದು ಬೈಯುತ್ತಾರೆ ಎಂದುಕೊಂಡೆ. ಅವರು ಕೈ ಚಾಚಿ, ಪಕ್ಕಕ್ಕಿಟ್ಟ ನಾಲ್ಕರಲ್ಲಿ ಒಂದು ಬಾಟ್ಲಿಯನ್ನು ತೆಗೆದು ತಮ್ಮ ಬುಟ್ಟಿಗೆ ಹಾಕಿಕೊಂಡರು.

"ಇದು ನನ್ನ ಬಿಲ್ಲಿಗೆ," ಎಂದರು.

ಸೂಪರ್ವೈಸರ್ ಒಳ್ಳೆಯ ಮನುಷ್ಯನೇ, ಆದರೆ ಅವರಿಗೂ ಮೇಲಿನವರಿದ್ದಾರೆ. ಹೀಗೆ ಒಬ್ಬರಿಗಾಗಿ ಇನ್ನೊಬ್ಬರು ತೆಗೆಯುವ ಹಾಗಿಲ್ಲಮ್ಮ, ಇದನ್ನು ಬಿಟ್ಟರೆ ನಾಳೆ ಎಲ್ಲರೂ ಶುರು ಮಾಡುತ್ತಾರೆ ಎಂದು ಮೆಲ್ಲಗೆ ಹೇಳಿದರು.

"ನಾನು ಒಂದು ಬಾಟ್ಲಿ ಎಣ್ಣೆ ತೆಗೆದುಕೊಳ್ತೇನೆ. ನಿಮ್ಮ ಕಾನೂನು ಒಂದೇ ಅಲ್ಲವಾ? ಅದನ್ನು ಯಾರ ತಲೆಗೆ ಹೊಯ್ಯಬೇಕೆಂದು ನಿಮಗೆ ಬರೆದುಕೊಟ್ಟು ಹೋಗಬೇಕಾ ಮಗಾ?"

ಸೂಪರ್ವೈಸರ್ ಬಿಲ್ ಮಾಡುವ ಹುಡುಗಿಯ ಮುಖ ನೋಡಿದರು. ಅವಳು ನಗು ತಡೆಯಲು ಕೆಳಗೆ ನೋಡುತ್ತಿದ್ದಳು. ಅವರು ತಿರುಗಿ ಮತ್ತೆ ಗೋಡೌನಿನ ಕಡೆ ನಡೆದುಬಿಟ್ಟರು. ಹೋಗುವಾಗ ಬಾಕಿ ಮೂರು ಬಾಟ್ಲಿಗಳನ್ನು ಒಳಗೆ ಒಯ್ಯಬಹುದಿತ್ತು, ಒಯ್ಯಲಿಲ್ಲ. ಅದನ್ನು ನಾನು ಗಮನಿಸಿದೆ.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ನೂಡಲ್ಸ್ ಹಿಡಿದು ನಿಂತಿದ್ದ ಕಾಲೇಜು ಹುಡುಗಿ ಒಂದು ತೆಗೆದುಕೊಂಡಳು. ಬುರ್ಖಾ ತೊಟ್ಟ ಒಬ್ಬರು ಇನ್ನೊಂದು ತೆಗೆದು, ಮೆಂತೆ ಗಂಜಿ ಮರೆಯಬೇಡಿ, ಅದು ಕೊಟ್ಟರೇ ಹಾಲು ಚೆನ್ನಾಗಿ ಬರುವುದು ಎಂದರು. ಅವರ ಹಿಂದಿದ್ದವರು ಮೆಂತೆಗಿಂತ ಬೆಳ್ಳುಳ್ಳಿ ಒಳ್ಳೆಯದು ಎಂದರು. ಘಟ್ಟದ ಮೇಲಿನವಳಿಗೆ ಕುಚ್ಚಲಕ್ಕಿ ಸೇರ್ತದಾ, ರೊಟ್ಟಿಯೇ ಬೇಕಾ ಎಂದು ಮತ್ತೊಬ್ಬರ ಚಿಂತೆ. ರೇಣುಕಾಳ ಬಾಣಂತನ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಅವಳನ್ನು ಅವರಲ್ಲಿ ಯಾರೂ ನೋಡಿರಲಿಲ್ಲ.

ಒಂದು ಬಾಟ್ಲಿ ಉಳಿಯಿತು. ನನ್ನನ್ನು ಹೋಟೆಲಿನವಳು ಎಂದಿದ್ದ ಗಂಡಸು ಅದನ್ನು ನೋಡುತ್ತಾ ನಿಂತಿದ್ದರು. ಅವರ ಬುಟ್ಟಿಯಲ್ಲಿ ಆಗಲೇ ಅವರ ಮನೆಗೆಂದು ತೆಗೆದ ಇದೇ ಎಣ್ಣೆಯ ಬಾಟ್ಲಿ ಒಂದಿತ್ತು. ಕೊಡೆಯ ಹೆಂಗಸು ಅದನ್ನು ಕಂಡು, ನಿಮ್ಮದು ಆಯಿತಲ್ಲ, ನಿಮಗೆ ಎರಡು ಸಿಕ್ಕುವುದಿಲ್ಲ ಎಂದರು. ಆ ಗಂಡಸು ತಮ್ಮ ಬುಟ್ಟಿಯ ಬಾಟ್ಲಿಯನ್ನು ತೆಗೆದು ನನ್ನ ಕಡೆ ತೋರಿಸಿದರು.

"ಇದೇ ನಿಮ್ಮದು. ನಮ್ಮಲ್ಲಿ ಒಗ್ಗರಣೆಗೆ ಬೇರೆ ಎಣ್ಣೆಯೂ ಆಗ್ತದೆ ಅಕ್ಕ. ಮಗುವಿಗೆ ಆಗುವುದಿಲ್ಲವಲ್ಲ."

ಬೆಳ್ತಂಗಡಿ ಕಡೆಯ ವೇಣೂರಿನವರಂತೆ, ಬಸ್ಸಿಗೆ ಹೊತ್ತಾಗುತ್ತಿದೆ ಎಂದು ಆಗಿನಿಂದ ಗಡಿಯಾರ ನೋಡುತ್ತಿದ್ದವರು. ಅವರ ಬಸ್ಸು ಅಷ್ಟರಲ್ಲಿ ಹೋಗಿಯೂ ಆಗಿತ್ತು.

ಅಂಗಡಿಯ ಹೊರಗಿನ ಜಗಲಿಯಲ್ಲಿ, ಮಳೆ ಹನಿ ಸಿಡಿಯದ ಕಡೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಬಾಟ್ಲಿಯನ್ನು ನನ್ನ ಚೀಲಕ್ಕೆ ಹಾಕಿದರು. ಬಿಲ್ಲಿನಲ್ಲಿದ್ದಷ್ಟೇ ಹಣ ಕೊಟ್ಟೆ, ಅಷ್ಟನ್ನೇ ತೆಗೆದುಕೊಂಡರು. ಯಾರೂ ಧರ್ಮಕ್ಕೆ ಎಂದು ಕೊಡಲಿಲ್ಲ, ಬೇಡ ಬೇಡ ಎಂದು ಕೈ ಹಿಂದೆ ಮಾಡಿ ನನ್ನನ್ನು ಸಣ್ಣವಳನ್ನಾಗಿ ಮಾಡಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿಸಿದ್ದು ಇದೇ. ತಮ್ಮ ಪಾಲಿಗೆ ಬರುವ ರಿಯಾಯಿತಿಯನ್ನು ಮಾತ್ರ ಬಿಟ್ಟುಕೊಟ್ಟರು. ಅದೇನು ಸಣ್ಣದಲ್ಲ. ಅವರೂ ನನ್ನ ಹಾಗೆ ಬಗ್ಗಿ ಕೆಳಗಿನ ಸಾಲು ನೋಡುವವರೇ, ಅದಕ್ಕೆಂದೇ ಅಷ್ಟು ದೂರದಿಂದ ಬಸ್ಸು ಹತ್ತಿ ಬಂದವರು. ಕೊಡೆಯ ಹೆಂಗಸು ಬಂಟ್ವಾಳದ ಸಿದ್ದಕಟ್ಟೆ ಕಡೆಯವರು, ಮಗಳ ಮನೆಗೆ ಹೊರಟವರು ದಾರಿಯಲ್ಲಿ ಇಳಿದಿದ್ದರು. ಸಾಲು ಕರಗಿದ ಮೇಲೆ, ಮೊದಲ ಮೂರು ದಿನ ಸೊಂಟಕ್ಕೆ ಜೋರಾಗಿ ತಿಕ್ಕಬೇಡಿ ಎಂದು ಹೇಳಿ ಕೊಡೆ ಬಿಡಿಸಿ ನಡೆದರು. ಹೆಸರು ಕೇಳಬೇಕಿತ್ತು ಎಂದು ನೆನಪಾದದ್ದು ನನ್ನ ಬಸ್ಸು ತೋಡಾರು ದಾಟಿದ ಮೇಲೆ.

ಮರುದಿನ ರೇಣುಕಾ ಬಂದಳು. ಮೊದಲ ಮೀಯುವ ದಿನ ಬಾಟ್ಲಿಗಳನ್ನು ಸಾಲಾಗಿ ಇಟ್ಟದ್ದು ನೋಡಿ ಅವಳಿಗೆ ಗಾಬರಿ. ನಮ್ಮ ಕಡಿ ಇದನ್ನ ತಲಿಗಷ್ಟ ಹಚ್ಚತೀವ್ರೀ ಅಮ್ಮಾರ, ಇಷ್ಟ ಎಣ್ಣಿ ಯಾಕ್ರೀ ಎಂದಳು. ಎಲ್ಲಿಂದ ಬಂತು ಎಂದು ಹೇಳಿದೆ, ಕೊಬ್ಬರಿ ಬೂಸ್ಟು ಹಿಡಿದದ್ದನ್ನೂ ಸೇರಿಸಿ. ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ, ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ತಾಯಿ ಇಲ್ಲ ಎಂದು ಹೇಳುವಾಗ ಅಳದವಳು ಆಗ ಅತ್ತಳು. ನಾನು ನೋಡಿಲ್ಲ ಎಂಬ ಹಾಗೆ ಬಿಸಿನೀರು ಹೊಯ್ದೆ. ಎಣ್ಣೆ ನಲವತ್ತು ದಿನಕ್ಕೂ ಸಾಕಾಯಿತು.

ಮಗುವಿಗೆ ಕುತ್ತಿಗೆ ನಿಂತ ಮೇಲೆ ಒಂದು ದಿನ ರೇಣುಕಾ ತಾನೂ ಅಂಗಡಿಗೆ ಬರುತ್ತೇನೆ ಎಂದಳು. ಬಿಲ್ಲಿನ ಸಾಲಿನಲ್ಲಿ ನಮ್ಮ ಮುಂದೆ ಹಿಂದೆ ಅವತ್ತಿನ ಹಾಗೆಯೇ ಜನ. ಅವಳು ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದಳು.

"ಇದರಾಗ ಅವರು ಯಾರ್ಯಾರ್ರೀ ಅಮ್ಮಾರ?"

ನಾನು ಮುಖಗಳನ್ನು ನೋಡಿದೆ. ಸಕ್ಕರೆ ಹಿಡಿದವರು, ಸಾಬೂನು ಹಿಡಿದವರು, ಫೋನ್ ನೋಡುವವರು. ಅವತ್ತಿನವರು ಯಾರೂ ಇರಲಿಲ್ಲ, ಆದರೆ ಇಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಯಾರು ಬೇಕಾದರೂ ಆಗಿರಬಹುದು ಎಂದೆ. ಅವಳು ಮಗುವಿನ ಎರಡು ಪುಟ್ಟ ಮುಷ್ಟಿಗಳನ್ನು ಜೋಡಿಸಿ, ಸಾಲಿನ ಮುಂದಿನಿಂದ ಹಿಂದಿನವರೆಗೆ ಎಲ್ಲರಿಗೂ ಕೈ ಮುಗಿಸಿದಳು. ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಒಬ್ಬರಾದ ಮೇಲೆ ಒಬ್ಬರು ನಕ್ಕರು, ಹಿಂದೆ ನಿಂತಿದ್ದ ಅಜ್ಜ ಒಬ್ಬರು ಬುಟ್ಟಿ ಕೆಳಗಿಟ್ಟು ತಾವೂ ಮಗುವಿಗೆ ಕೈ ಮುಗಿದರು.